ತಂದೆಯ ವಯಸ್ಸಿನ ಲೆಕ್ಕ

ಊರು ಬಿಟ್ಟು ಬಂದ ನಮ್ಮಂಥವರಲ್ಲಿ ನೌಕರಿ ಖಾಯಂ ಆಗಿ, ತಂಗಿಯರ ಮದುವೆ ಮುಗಿಸಿ, ಬಾಡಿಗೆಗೆ ಎರಡು ಕೋಣೆ ಹಿಡಿದು, ಗಂಡು ತನ್ನ ಮದುವೆಯ ಮಾತೆತ್ತುವ ಹೊತ್ತಿಗೆ ವಯಸ್ಸು 35 ದಾಟಿರುವುದು ಅಪರೂಪವೇನಲ್ಲ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಹುಡುಗಿಗೆ 30 ಆದರೆ ಮಾತ್ರ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಮುಂದೆ ಮಗುವಿನಲ್ಲಿ ಏನಾದರೂ ಊನ ಕಂಡರಂತೂ ಎಲ್ಲರೂ ಬೆರಳು ತೋರಿಸುವುದು ತಾಯಿಯ ಕಡೆಗೇ. ಈ ತೀರ್ಪು ಎಷ್ಟು ಸರಿ ಎಂಬುದನ್ನು ವಿಜ್ಞಾನಿಗಳು ಒಂದು ಶತಮಾನಕ್ಕೂ ಹಿಂದಿನಿಂದ ವಿಚಾರಿಸುತ್ತ ಬಂದಿದ್ದಾರೆ. ಆ ವಿಚಾರಣೆಯ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ವಿಲ್‌ಹೆಲ್ಮ್ ವೈನ್‌ಬರ್ಗ್ ಎಂಬ ವೈದ್ಯರಿದ್ದರು. ಹಗಲೆಲ್ಲ ರೋಗಿಗಳು, ಹೆರಿಗೆಗಳು. ಬಿಡುವಾದಾಗ ವಂಶಾವಳಿಗಳ ಗಣಿತ. ಕೈಕಾಲು ಮೊಟಕಾಗಿ ಹುಟ್ಟುವ ಒಂದು ಬಗೆಯ ಕುಬ್ಜತೆ ಅವರ ಗಮನ ಸೆಳೆಯಿತು. ವೈದ್ಯರು ಇದನ್ನು ಅಕಾಂಡ್ರೊಪ್ಲೇಸಿಯ ಎನ್ನುತ್ತಾರೆ. ಇಂಥ ಹೆಚ್ಚಿನ ಮಕ್ಕಳ ತಂದೆತಾಯಿಗಳು ಸಾಧಾರಣ ಎತ್ತರದವರೇ ಆಗಿರುತ್ತಾರೆ. ಹಾಗಾದರೆ ಇದು ಬಂದದ್ದು ಎಲ್ಲಿಂದ? 1912ರಲ್ಲಿ ವೈನ್‌ಬರ್ಗ್ ಒಂದು ಸಂಗತಿ ಕಂಡುಕೊಂಡರು: ಈ ಮಗು ಚೊಚ್ಚಲ ಮಗುವಾಗಿರುವುದಕ್ಕಿಂತ ಕಡೆಯ ಮಕ್ಕಳಲ್ಲೊಂದಾಗಿರುವುದೇ ಹೆಚ್ಚು. ವಂಶವಾಹಿಯಲ್ಲಿ ಹೊಸದಾಗಿ ಆಗುವ ಬದಲಾವಣೆ, ಅಂದರೆ ಉತ್ಪರಿವರ್ತನೆ, ಇದರ ಮೂಲವಿರಬಹುದೆಂದು ಅವರು ಊಹಿಸಿದರು. ಮೆಂಡೆಲನ ನಿಯಮಗಳು ಮರಳಿ ಬೆಳಕಿಗೆ ಬಂದು ಆಗ ಕೇವಲ 12 ವರ್ಷವಾಗಿತ್ತೆಂಬುದನ್ನು ನೆನೆದರೆ, ಈ ಊಹೆಯ ಬೆಲೆ ತಿಳಿಯುತ್ತದೆ.

ಆದರೆ ತೊಡಕು ಇದ್ದದ್ದು ಮುಂದೆ. ಕಡೆಯ ಮಗು ಹುಟ್ಟುವಾಗ ತಾಯಿಗೂ ವಯಸ್ಸಾಗಿರುತ್ತದೆ, ತಂದೆಗೂ ವಯಸ್ಸಾಗಿರುತ್ತದೆ. ಕಾರಣ ತಾಯಿಯ ವಯಸ್ಸೋ, ತಂದೆಯದೋ, ಅಥವಾ ಹುಟ್ಟಿನ ಸರದಿಯೋ? ಮೂರು ಎಳೆಗಳೂ ಒಂದೇ ಹುರಿಯಲ್ಲಿ ಸೇರಿಕೊಂಡಿದ್ದವು.

ಈ ಹುರಿಯನ್ನು ಬಿಡಿಸಿದವರು ಇಂಗ್ಲೆಂಡಿನ ಲಯನೆಲ್ ಪೆನ್‌ರೋಸ್. ಅವರು ಮೊದಲು ತೆಗೆದುಕೊಂಡದ್ದು ಇಂದು ನಾವು ಡೌನ್ ಸಿಂಡ್ರೋಮ್ ಎನ್ನುವ ಸ್ಥಿತಿಯನ್ನು. ತಾಯಂದಿರ ವಯಸ್ಸನ್ನು ಸಮನಾಗಿಟ್ಟು ತಂದೆಯರನ್ನು ಹೋಲಿಸಿದಾಗ ತಂದೆಯ ವಯಸ್ಸಿಗೆ ಬೆಲೆಯೇ ಇಲ್ಲವಾಯಿತು; ತಾಯಿಯ ವಯಸ್ಸೇ ಮುಖ್ಯವೆಂದು 1933ರಲ್ಲಿ ಅವರು ತೋರಿಸಿದರು. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ ಎಂದಾಯಿತು. ಆದರೆ ಇದು ವಂಶವಾಹಿಯ ಬರಹದಲ್ಲಿ ಆದ ತಪ್ಪಲ್ಲ, ವರ್ಣತಂತುಗಳ ಎಣಿಕೆಯಲ್ಲಿ ಆದ ತಪ್ಪು. 1959ರಲ್ಲಿ ಪ್ಯಾರಿಸ್ಸಿನ ಲೆಜೂನ್, ಗೋತಿಯೆ ಮತ್ತು ತುರ್ಪಾಂ ಇಂಥ ಮಕ್ಕಳ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿರುವುದನ್ನು ಪ್ರಕಟಿಸಿದ ಮೇಲೆ ಈ ವ್ಯತ್ಯಾಸ ಸ್ಪಷ್ಟವಾಯಿತು.

ಬರಹದ ತಪ್ಪಿನ ಕಥೆ ಬೇರೆ. ಜೆ. ಬಿ. ಎಸ್. ಹಾಲ್ಡೇನ್ ಅದರ ಜಾಡು ಹಿಡಿದದ್ದು ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯ ರೋಗದ ಮೂಲಕ. ಈ ದೋಷ ಹುಡುಗನಿಗೆ ಬರುವುದು ತಾಯಿಯಿಂದ. ಹಾಗೆಂದು ದೋಷ ಹೊಸದಾಗಿ ಹುಟ್ಟಿದ್ದೂ ತಾಯಿಯಲ್ಲೇ ಎನ್ನಬಹುದೇ? ಲೆಕ್ಕ ಹಾಕಿ ನೋಡಿದರೆ, ಇಂಥ ಹುಡುಗರ ಹೆಚ್ಚಿನ ತಾಯಂದಿರು ತಾವು ಹುಟ್ಟುವಾಗಲೇ ಅದನ್ನು ಹೊತ್ತು ತಂದವರು. ಅಂದಮೇಲೆ ಎಷ್ಟೋ ಮನೆಗಳಲ್ಲಿ ಬದಲಾವಣೆ ನಡೆದದ್ದು ಆಕೆಯ ತಂದೆಯಲ್ಲಿ, ಅಂದರೆ ಹುಡುಗನ ಅಜ್ಜನಲ್ಲಿ. ಉತ್ಪರಿವರ್ತನೆಯ ಪ್ರಮಾಣ ಗಂಡಿನಲ್ಲೇ ಬಹಳ ಹೆಚ್ಚೆಂದು ಹಾಲ್ಡೇನ್ 1947ರಲ್ಲಿ ಬರೆದರು. (ಈ ಮಹಾಶಯರೇ 1957ರಲ್ಲಿ ಕಲ್ಕತ್ತೆಗೆ ಬಂದು ನೆಲಸಿ, ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು.)

1955ರಲ್ಲಿ ಪೆನ್‌ರೋಸ್ ವೈನ್‌ಬರ್ಗರ ಹಳೆಯ ಕುಬ್ಜತೆಗೆ ಮರಳಿದರು. ಈ ಬಾರಿ ಉತ್ತರ ತಿರುವುಮುರುವಾಯಿತು. ಮುಖ್ಯವಾದದ್ದು ತಂದೆಯ ವಯಸ್ಸು. ಹೆಣ್ಣಿನ ಅಂಡಾಣುಗಳ ವಿಭಜನೆ ಬಹುಮಟ್ಟಿಗೆ ಅವಳು ಹುಟ್ಟುವ ಮೊದಲೇ ಮುಗಿದಿರುತ್ತದೆ. ಗಂಡಿನ ವೀರ್ಯಾಣುಗಳ ಮೂಲಕೋಶಗಳು ಮಾತ್ರ ಜೀವನವಿಡೀ ವಿಭಜನೆಯಾಗುತ್ತಲೇ ಇರುತ್ತವೆ. ಓಲೆಗರಿಯನ್ನು ಪ್ರತಿಯಿಂದ ಪ್ರತಿ ಮಾಡುತ್ತ ಹೋದರೆ ಅಕ್ಷರದೋಷ ಕೂಡಿಕೊಳ್ಳುವುದಿಲ್ಲವೇ, ಹಾಗೆ. ಈ ಕುಬ್ಜತೆಯ ವಂಶವಾಹಿ 1994ರಲ್ಲಿ ಸಿಕ್ಕಿತು. 1998ರಲ್ಲಿ 40 ಮಕ್ಕಳನ್ನು ಪರೀಕ್ಷಿಸಿದಾಗ 40ರಲ್ಲೂ ಬದಲಾವಣೆ ತಂದೆಯಿಂದ ಬಂದ ವರ್ಣತಂತುವಿನಲ್ಲೇ ಇತ್ತು.

ಇಡೀ ಬರಹವನ್ನು ಅಕ್ಷರ ಬಿಡದೆ ಓದುವ ಯಂತ್ರಗಳು ಬಂದ ಮೇಲೆ ಊಹೆಯ ಜಾಗದಲ್ಲಿ ಎಣಿಕೆ ಬಂತು. 2012ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ತಂದೆ, ತಾಯಿ, ಮಗು ಹೀಗೆ 78 ಗುಂಪುಗಳನ್ನು ಓದಿದರು. ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದರೆ ಮಗುವಿನಲ್ಲಿ ಸುಮಾರು ಎರಡು ಹೊಸ ಬದಲಾವಣೆಗಳು ಹೆಚ್ಚು. 20ರ ತಂದೆಯ ಪಾಲು ಸುಮಾರು 25, 40ರ ತಂದೆಯದು ಸುಮಾರು 65. ತಾಯಿಯದು ಸುಮಾರು 15. ಓದುಗರು ಗಾಬರಿಯಾಗಬೇಕಿಲ್ಲ. ನೂರಾರು ಕೋಟಿ ಅಕ್ಷರಗಳ ಗ್ರಂಥದಲ್ಲಿ ಇವು ಬೆರಳೆಣಿಕೆಯಷ್ಟು, ಬಹುಪಾಲು ನಿರುಪದ್ರವಿ. ತಡವಾಗಿ ತಂದೆಯಾದವರ ಮಕ್ಕಳಲ್ಲೂ ಬಹುತೇಕ ಎಲ್ಲರೂ ಆರೋಗ್ಯವಂತರೇ.

ಇದು ಮನುಷ್ಯನೊಬ್ಬನ ಪಾಡಲ್ಲ. ದೆಹಲಿಯ ನಮ್ಮ ಓದುಗರ ಮಹಡಿಗಳ ಮೇಲೆ ಬಟ್ಟೆ ಎಳೆದಾಡುವ ಕೆಂಪುಮೋರೆಯ ಮಂಗಗಳಲ್ಲೂ ಅಪ್ಪನ ವಯಸ್ಸಿನೊಂದಿಗೆ ಬದಲಾವಣೆ ಏರುವುದನ್ನು 2020ರಲ್ಲಿ ಕಂಡರು. ದಕ್ಷಿಣ ಅಮೆರಿಕದಲ್ಲಿ ರಾತ್ರಿ ಸಂಚರಿಸುವ ಒಂದು ಪುಟ್ಟ ಕೋತಿ ಸುಮಾರು ಒಂದು ವರ್ಷಕ್ಕೇ ಪ್ರಾಯಕ್ಕೆ ಬರುತ್ತದೆ, ಬೇಗ ಮರಿ ಹಾಕುತ್ತದೆ. ಅದರಲ್ಲಿ ಪ್ರತಿ ತಲೆಮಾರಿನ ಹೊಸ ಬದಲಾವಣೆಗಳ ಪ್ರಮಾಣ ಮನುಷ್ಯನದಕ್ಕಿಂತ ಮೂರನೆಯ ಒಂದರಷ್ಟು ಕಡಿಮೆ. 2023ರಲ್ಲಿ 68 ಜಾತಿಯ ಬೆನ್ನೆಲುಬಿನ ಪ್ರಾಣಿಗಳನ್ನು ಹೋಲಿಸಿದಾಗ ಸಸ್ತನಿಗಳಲ್ಲೂ ಹಕ್ಕಿಗಳಲ್ಲೂ ಗಂಡಿನ ಪಾಲೇ ಹೆಚ್ಚೆಂದು ಕಂಡಿತು. ಮೀನು ಮತ್ತು ಸರೀಸೃಪಗಳಲ್ಲಿ ಈ ಪಕ್ಷಪಾತ ಕಾಣಲಿಲ್ಲ.

ಪ್ರತಿ ಮಾಡುವವನ ಕೈತಪ್ಪೇ ಎಲ್ಲಕ್ಕೂ ಕಾರಣವೆಂಬ ಮಾತನ್ನೂ ಈಗ ಕೆಲವರು ಪ್ರಶ್ನಿಸುತ್ತಿದ್ದಾರೆ. ಐಸ್‌ಲ್ಯಾಂಡಿನವರು 2017ರಲ್ಲಿ 1,548 ಗುಂಪುಗಳನ್ನು ಓದಿದಾಗ, ವಿಭಜನೆಯಿಲ್ಲದೆ ಕುಳಿತ ತಾಯಿಯ ಅಂಡಾಣುವಿನಲ್ಲೂ ಸುಮಾರು ಮೂರು ವರ್ಷಕ್ಕೊಂದರಂತೆ ಬದಲಾವಣೆ ಸೇರುತ್ತಿತ್ತು. ಗರಿಯನ್ನು ಯಾರೂ ಪ್ರತಿ ಮಾಡದಿದ್ದರೂ ಇಟ್ಟಲ್ಲೇ ಹುಳು ಹಿಡಿಯುತ್ತದಲ್ಲ, ಅಂಥದ್ದೇನೋ ತಂದೆಯ ಪಾಲಿನಲ್ಲೂ ಸೇರಿದೆಯೆಂಬುದು ಅವರ ವಾದ.