ಫೋರ್ಟ್–ಡಾ ಕ್ರೀಡೆ

ತಾಯಿಯ ಅಗಲಿಕೆಯನ್ನು ಎಳೆಯ ಮಗು ಆಟದ ಮೂಲಕ ಸಹ್ಯವಾಗಿಸಿಕೊಳ್ಳುವ ಬಗೆಗೆ ಮನೋವಿಶ್ಲೇಷಣಶಾಸ್ತ್ರದಲ್ಲಿ ಸುಪ್ರಸಿದ್ಧವಾದ ನಿದರ್ಶನ. ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹ್ಯಾಂಬುರ್ಗಿನಲ್ಲಿದ್ದ ಮಗಳು ಸೋಫಿಯ ಮನೆಯಲ್ಲಿ ಕೆಲವು ವಾರ ತಂಗಿದ್ದಾಗ ಇದನ್ನು ಕಂಡು, 1920ರಲ್ಲಿ ಪ್ರಕಟವಾದ ‘ಸುಖತತ್ತ್ವದ ಆಚೆಗೆ’ ಎಂಬ ಗ್ರಂಥದಲ್ಲಿ ವರ್ಣಿಸಿದನು.

ಒಂದೂವರೆ ವರ್ಷದ ಮೊಮ್ಮಗ ಅರ್ನ್ಸ್ಟ್, ತಾಯಿ ಗಂಟೆಗಟ್ಟಲೆ ಕಣ್ಮರೆಯಾದರೂ ಅಳುತ್ತಿರಲಿಲ್ಲ. ಆದರೆ ದಾರ ಕಟ್ಟಿದ ಮರದ ಉರುಳೆಯೊಂದನ್ನು ಪರದೆ ಇಳಿಬಿಟ್ಟ ತನ್ನ ಪುಟ್ಟ ಮಂಚದ ಅಂಚಿನಾಚೆಗೆ ಎಸೆದು, ಅದು ಮರೆಯಾದೊಡನೆ ‘ಓ’ ಎಂದು ದನಿಯೆಳೆದು, ಬಳಿಕ ದಾರವನ್ನು ಜಗ್ಗಿ, ಉರುಳೆ ಮತ್ತೆ ಕಣ್ಣಿಗೆ ಬಿದ್ದಾಗ ‘ಡಾ’, ಎಂದರೆ ‘ಇಗೋ ಇಲ್ಲಿದೆ’, ಎಂದು ಹಿಗ್ಗುತ್ತಿದ್ದನು. ಆ ‘ಓ’ಕಾರವು ‘ಹೋಯಿತು’ ಎಂಬರ್ಥದ ‘ಫೋರ್ಟ್’ ಎಂಬ ಜರ್ಮನ್ ಪದವೇ ಎಂದು ತಾಯಿಯೂ ಅಜ್ಜನೂ ಏಕಾಭಿಪ್ರಾಯದಿಂದ ಗ್ರಹಿಸಿದರು. ಇನ್ನೊಮ್ಮೆ ನೆಲದವರೆಗೆ ಮುಟ್ಟದ ನಿಲುವುಗನ್ನಡಿಯ ಮುಂದೆ ಕುಕ್ಕುರಿಸಿ, ತನ್ನ ಪ್ರತಿಬಿಂಬವನ್ನೇ ಮಾಯಮಾಡುವ ಉಪಾಯವನ್ನೂ ಆ ಶಿಶು ಕಂಡುಕೊಂಡಿತು.

ತಾಯಿ ಹೋಗುವಾಗ ಮಗುವಿಗೆ ಯಾವ ಅಧಿಕಾರವೂ ಇಲ್ಲ. ಉರುಳೆಯನ್ನು ಕಳುಹಿಸುವವನು ಮಾತ್ರ ತಾನೇ. ನಿಷ್ಕ್ರಿಯವಾಗಿ ಅನುಭವಿಸಿದ ದುಃಖಕ್ಕೆ ಆಟದಲ್ಲಿ ಕರ್ತೃವಾಗುವುದೇ ಇದರ ಮರ್ಮವೆಂದೂ, ಬಿಟ್ಟುಹೋದವಳ ಮೇಲಣ ಮುನಿಸೂ ಅದರಲ್ಲಿ ಬೆರೆತಿರಬಹುದೆಂದೂ ಫ್ರಾಯ್ಡ್ ಊಹಿಸಿದನು. ಉರುಳೆ ಮರಳಿಬರುವ ಭಾಗವೇ ಹೆಚ್ಚು ಆನಂದದಾಯಕವಾಗಿದ್ದರೂ, ಮಗು ಎಸೆಯುವ ಭಾಗವನ್ನಷ್ಟೇ ಎಷ್ಟೋ ಹೆಚ್ಚು ಸಲ ಆಡುತ್ತಿತ್ತೆಂಬ ಸಂಗತಿಯನ್ನು ಅನೇಕರು ಮರೆಯುತ್ತಾರೆ. ಈ ಆಟ ಬರಿಯ ಸಾಂತ್ವನವಲ್ಲವೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ.

1920ರ ಜನವರಿಯಲ್ಲಿ ಸೋಫಿ ಇನ್‌ಫ್ಲುಯೆಂಜಾಕ್ಕೆ ತುತ್ತಾದಾಗ ಬಾಲಕನು ಶೋಕದ ಕುರುಹನ್ನೇ ತೋರಲಿಲ್ಲವೆಂದು ಅಜ್ಜನು ಅದೇ ಗ್ರಂಥದ ಅಡಿಟಿಪ್ಪಣಿಯಲ್ಲಿ ಬರೆದನು. ಅರ್ನ್ಸ್ಟ್ ಮುಂದೆ ಸ್ವತಃ ಮನೋವಿಶ್ಲೇಷಕನಾಗಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಹೆತ್ತವರಿಂದ ಬೇರ್ಪಡುವ ಸಮಸ್ಯೆಯನ್ನು ಅಭ್ಯಸಿಸಿದನು.

ಆಟವು ನಿಜವನ್ನು ಅಲ್ಲಗಳೆಯುವ ಸಾಧನವೂ ಆಗಬಲ್ಲುದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಶಿಶುಪಾಲನಾಗೃಹಗಳನ್ನು ನಡೆಸಿದ, ಸೋಫಿಯ ತಂಗಿ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್, ತಂದೆಯನ್ನು ಕಳೆದುಕೊಂಡ ನಾಲ್ಕು ವರ್ಷದ ಬಾಲಕನೊಬ್ಬನು ಕಾಗದದ ಮನೆಗಳ ಮೇಲೆ ಬಾಂಬು ಬೀಳಿಸುತ್ತ, ಒಳಗಿನವರನ್ನೆಲ್ಲ ಪ್ರತಿಸಲವೂ ಬದುಕಿಸುತ್ತಿದ್ದುದನ್ನು ದಾಖಲಿಸಿದ್ದಾರೆ. ತಂದೆಯ ಮರಣವನ್ನು ಒಪ್ಪಿ ಬಾಯಿಬಿಟ್ಟು ಹೇಳುವ ತನಕ ಆ ಪುನರಾವೃತ್ತಿಗೆ ಕೊನೆಯಿರಲಿಲ್ಲ. ಹಾಗೆಯೇ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1960ರಲ್ಲಿ ವರದಿಮಾಡಿದ ಏಳು ವರ್ಷದ ಹುಡುಗನು ಕುರ್ಚಿ ಮೇಜುಗಳನ್ನೆಲ್ಲ ಹುರಿಯಿಂದ ಬಿಗಿದು ಕಟ್ಟುತ್ತಿದ್ದನು. ತನ್ನಿಂದ ಅಗಲುವ ಭಯವೇ ಇದರ ಮೂಲವೆಂದರಿತ ತಾಯಿ ಅದನ್ನು ಕುರಿತು ಅವನೊಡನೆ ಮಾತಾಡಿದ ಮೇಲೆ ಆ ಚಟ ನಿಂತಿತು, ಆದರೆ ಅವಳು ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ಮರುಕಳಿಸಿತು.