ಕೈಫಿಯತ್ತುಗಳ ಸಂಗ್ರಹವೂ ಅವುಗಳ ಸಂರಕ್ಷಣೆಯೂ

ನಮ್ಮ ಸೀಮೆಯ ಗ್ರಾಮಗಳ ಪೂರ್ವವೃತ್ತಾಂತವನ್ನು ಅರಸುವವರು ಕರ್ನಲ್ ಕಾಲಿನ್ ಮೆಕೆಂಜಿಯನ್ನು ಸ್ಮರಿಸದೆ ಮುಂದುವರಿಯುವಂತಿಲ್ಲ. 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಜನಿಸಿ, 1783ರಲ್ಲಿ ಮದರಾಸಿಗೆ ಬಂದ ಈತನು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. ಅದೋನಿ, ರಾಯದುರ್ಗಗಳನ್ನೊಳಗೊಂಡ ದತ್ತಮಂಡಲಗಳಲ್ಲಿಯೂ ಆತನ ಸಹಾಯಕರು ಸಂಚರಿಸಿದರು.

ಮೆಕೆಂಜಿಗೆ ನಮ್ಮ ದೇಶಭಾಷೆಗಳು ಬಾರವು. ಕಾವಲಿ ವೆಂಕಟ ಬೋರಯ್ಯನೂ, 1803ರಲ್ಲಿ ಅವನು ತೀರಿಕೊಂಡ ಬಳಿಕ ತಮ್ಮನಾದ ಲಕ್ಷ್ಮಯ್ಯನೂ ಕಾರ್ಯಭಾರವನ್ನು ಹೊತ್ತರು. ಹಳಗನ್ನಡ ಶಾಸನಗಳನ್ನು ಓದಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಸಹಾಯಕರು ಶಾನುಭೋಗರ ಕಡತಗಳನ್ನು ನೋಡಿ, ಹಿರಿಯರನ್ನು ಕೇಳಿ, ಗುಡಿ, ಕೆರೆ, ಮಾನ್ಯ, ಪಾಳೆಯಗಾರರ ವಂಶಾವಳಿ ಇವುಗಳನ್ನು ಬರೆದುಕೊಂಡರು. ಇವೇ ಕೈಫಿಯತ್ತುಗಳು. ತಾವು ಹೋದ ಊರು, ಕಂಡ ಜನ, ದೊರೆತ ಬರಹ ಇವುಗಳ ವರದಿಯನ್ನು ಕಾಲಕಾಲಕ್ಕೆ ಒಡೆಯನಿಗೆ ಒಪ್ಪಿಸುತ್ತಿದ್ದರು. ಈ ಕಟ್ಟುಪಾಡೇ ಸಂಗ್ರಹದ ಜೀವಾಳ.

ಹೀಗೆ ಕೂಡಿದುದು 1,568 ಗ್ರಂಥಗಳು, 8,076 ಶಾಸನಗಳ ಪ್ರತಿಗಳು, 6,218 ನಾಣ್ಯಗಳು. ಆದರೆ ಸ್ವತಃ ಸೂಚಿಯನ್ನು ಸಿದ್ಧಪಡಿಸಬೇಕೆಂಬ ಮೆಕೆಂಜಿಯ ಸಂಕಲ್ಪವು ನೆರವೇರಲಿಲ್ಲ. 1821ರಲ್ಲಿ ಆತನು ಮೃತನಾದನು. ಕಂಪನಿಯು ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಸೂಚಿಯನ್ನು ಪ್ರಕಟಿಸಿದನು. ಆ ಮೇಲೆ ಸಂಗ್ರಹವು ಒಡೆದು, ಕೆಲವು ಲಂಡನ್ನಿಗೂ ಕೆಲವು ಮದರಾಸಿಗೂ ಹೋದುವು. ಮದರಾಸಿನ ಕಾಗದಗಳಲ್ಲಿ ಹಲವು ಹುಳು ಹಿಡಿದು, ಮಸಿ ಮಾಸಿ ಹೋಗಿದ್ದುವೆಂದು ವಿಲಿಯಂ ಟೇಲರ್ ಕೆಲವೇ ವರ್ಷಗಳಲ್ಲಿ ಬರೆಯಬೇಕಾಯಿತು. ಎಲ್ಲವನ್ನೂ ಬಲ್ಲ ಲಕ್ಷ್ಮಯ್ಯನು ಕೆಲಸವನ್ನು ಮುಂದುವರಿಸಲು ಅನುಮತಿ ಬೇಡಿದಾಗ, ಅವನಿಗೆ ಆ ಯೋಗ್ಯತೆಯಿಲ್ಲವೆಂದು ಕಲ್ಕತ್ತೆಯ ಪಂಡಿತರು ತಳ್ಳಿಹಾಕಿದರು. ಹಾಳೆಗಳು ಉಳಿದುವು, ಅವುಗಳ ಮರ್ಮವನ್ನು ಅರಿತವನು ಹೊರಗುಳಿದನು.

ಕನ್ನಡದ ಕೈಫಿಯತ್ತುಗಳು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಅಚ್ಚಾದುದು 1994ರಲ್ಲಿ. ಬರೆದವರ ಮೊಮ್ಮಕ್ಕಳೂ ಅದನ್ನು ಕಾಣಲಿಲ್ಲ.

1953ರಲ್ಲಿ ಅದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವು. ಇಲ್ಲಿ ಕನ್ನಡವು ಎಷ್ಟು ಕಾಲದಿಂದ ಬಾಳಿದೆಯೆಂಬುದಕ್ಕೆ ನಮ್ಮ ಮಾತಿಗಿಂತ ಇಂಥ ಬರಹಗಳೇ ಬಲವಾದ ಸಾಕ್ಷಿ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಬರೆದ ಪ್ರತಿಯೊಂದು ಹಾಳೆಯ ಮೇಲೂ ಊರು, ದಿನ, ಹೇಳಿದವರು, ಬರೆದವರು ಇಷ್ಟನ್ನು ಅಂದೇ ಕಾಣಿಸಲಿ. ಒಂದು ಪ್ರತಿಯು ಮನೆಯಲ್ಲಿದ್ದರೆ ಮತ್ತೊಂದು ಬೇರೆಡೆಯಲ್ಲಿರಲಿ. ಅಟ್ಟದ ಮೇಲಿನ ಕಡತವನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕೆಂದು ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹ.