ಅಜ್ಜಿಯ ಅಪ್ಪನ ಮನೆ ಯಾವುದು?

ಈಗ ಎಲ್ಲಾ ಕುಟುಂಬಲ್ಲಿಯೂ ವಂಶವೃಕ್ಷ ಬರವ ಗೌಜಿ. ಒಳ್ಳೆ ಕೆಲಸವೇ. ಆದರೆ ಅದರ ಬಿಡುಸಿ ನೋಡಿ ಅಕ್ಕಂದ್ರೆ, ಗೆಂಡುಮಕ್ಕೊ ಏಳೆಂಟು ತಲೆಮಾರು ಸಾಲಾಗಿ ಇರ್ತವು, ಹೆಮ್ಮಕ್ಕಳ ಜಾಗೆಲಿ ಬರೇ ಒಂದು ಗೀಟು. ಹೆಸರು ಇದ್ದರೂ ಯಾವ ಮನೆಂದ ಬಂದ್ಸು ಹೇಳಿ ಇಲ್ಲೆ.

ನಮ್ಮ ಹೆಸರಿನ ಕ್ರಮವೇ ಹಾಂಗೆ. ಜೆಂಬ್ರದ ಹಂತಿಲಿ "ಭಟ್ರೇ" ಹೇಳಿ ದಿನಿಗೇಳಿರೆ ಅರ್ಧ ಜೆನ ತಿರುಗಿ ನೋಡುಗು. ಗುರ್ತ ಸಿಕ್ಕುದು ಮನೆ ಹೆಸರಿಲಿ. ಸೇಡಿಯಾಪು ಕೃಷ್ಣ ಭಟ್ಟ, ಮುಳಿಯ ತಿಮ್ಮಪ್ಪಯ್ಯ, ಶೇಣಿ ಗೋಪಾಲಕೃಷ್ಣ ಭಟ್ಟ. ನಮ್ಮ ಸುಳ್ಯದ ಗೌಡರಲ್ಲಿಯೂ ಹೀಂಗೇ, ಡಿ.ವಿ. ಸದಾನಂದ ಗೌಡರ 'ಡಿ' ಹೇಳಿರೆ ದೇವರಗುಂಡ, 'ವಿ' ಅಪ್ಪ ವೆಂಕಪ್ಪ.

ಈ ಹೆಸರು ಜಾಗೆಗೆ ಅಂಟಿದ್ದು, ನೆತ್ತರಿಂಗೆ ಅಲ್ಲ. ತಮ್ಮ ಪಾಲಾಗಿ ಬೇರೆ ಜಾಗೆ ತೆಕ್ಕೊಂಡರೆ ಅವನ ಮಕ್ಕೊಗೆ ಬೇರೆಯೇ ಹೆಸರು. ಜಾಗೆ ಕ್ರಯಕ್ಕೆ ತೆಕ್ಕೊಂಡವಂಗೂ ಆ ಜಾಗೆಯ ಹೆಸರೇ. ಅದರ ಮೇಲಂದ ಅಜ್ಜನ ಹೆಸರು ಪುಳ್ಳಿಗೆ ಮಡುಗುದು. ಮೂರು ಜೆನ ಶಂಕರ ಭಟ್ಟಕ್ಕಳಲ್ಲಿ ಯಾವ ಶಂಕರ ಭಟ್ಟ ಹೇಳಿ ತಲೆ ತಿರುಗುತ್ತು!

ಫ್ರಾನ್ಸಿಂದ ಕೆನಡಾದ ಕ್ವಿಬೆಕ್‌ಗೆ ಹೋಗಿ ಕೂದವರ ಕತೆಯೂ ಹೀಂಗೆಯೇ. ಒಂದೇ ಕುಟುಂಬಕ್ಕೆ ಎರಡು ಹೆಸರು, ನಡುಕೆ 'ದಿ' ಹೇಳ್ತ ಶಬ್ದ. ಅದರರ್ಥ "ಹೀಂಗೆ ದಿನಿಗೇಳ್ತವು" ಹೇಳಿ. ಮಕ್ಕೊ ಒಬ್ಬ ಆ ಹೆಸರು, ಒಬ್ಬ ಈ ಹೆಸರು ಹಿಡ್ಕೊಂಡವು. ಮತ್ತೆ ಅಮೇರಿಕದ ಗಿರಣಿಗೊಕ್ಕೆ ಕೆಲಸಕ್ಕೆ ಹೋದಪ್ಪಗ ಬುವಾವೇರ್ ಹೇಳ್ತವು ಗ್ರೀನ್‌ವುಡ್ ಆದವು. ಎರಡರ ಅರ್ಥವೂ ಹಸುರು ಕಾಡೇ. ಇಷ್ಟೆಲ್ಲ ಗೊಂದಲ ಇದ್ದರೂ ಅಲ್ಯಾಣ ಅಜ್ಜಿಯಕ್ಕೊ ಸಿಕ್ಕುತ್ತವು. ಎಂತಕೆ ಹೇಳಿರೆ, ಇಗರ್ಜಿಯ ಪುಸ್ತಕಲ್ಲಿ ಮದುವೆ ಆಗಲಿ, ಮರಣ ಆಗಲಿ, ಹೆಮ್ಮಕ್ಕಳ ಬರದ್ದು ಹುಟ್ಟಿದ ಮನೆಯ ಹೆಸರಿಲಿಯೇ. 1981ರಿಂದ ಅಲ್ಲಿ ಕಾನೂನೂ ಹಾಂಗೇ ಇದ್ದು. ನಮ್ಮ ಊರಿಲಿಯೂ ಅಳಿಯಕಟ್ಟಿನ ಬಂಟರಲ್ಲಿ ಬರಿ ಅಬ್ಬೆಂದಲೇ ಬಪ್ಪದು. ನಮ್ಮ ಕೂಸಿಂಗೆ ಮಾಂತ್ರ ಧಾರೆ ಎರದಪ್ಪಗ ಗೋತ್ರವೂ ಹೋತು, ಮನೆ ಹೆಸರೂ ಹೋತು.

ಅಂಬಗ ಹುಡ್ಕುದು ಎಲ್ಲಿ? ಜಾಗೆಯ ಕಾಗತಲ್ಲಿ ಹೆಚ್ಚು ಗೆಂಡುಮಕ್ಕಳೇ. ಎನಗೆ ಕಾಂಬದು ಮಾಳದ ತರ್ಪಣ. ಅಪ್ಪನ ಹೊಡೆ ಹೇಳಿ ಆದ ಮತ್ತೆ ಅಬ್ಬೆಯ ಅಪ್ಪ, ಅಜ್ಜ, ಮುತ್ತಜ್ಜ, ಅವರ ಹೆಂಡತ್ತಿಯಕ್ಕೊ, ಎಲ್ಲೋರ ಹೆಸರನ್ನೂ ಆ ಮನೆಯ ಗೋತ್ರಲ್ಲಿ ಹೇಳೆಕ್ಕು. ಬಟ್ಟಮಾವನ ಹತ್ತರೆ ಕೇಳಿ ಬರಕ್ಕೊಂಡರೆ ಅಬ್ಬೆಯ ಹೊಡೆ ಮೂರು ತಲೆಮಾರು ಸಿಕ್ಕಿತ್ತು. ಹಳೇ ಮದುವೆ ಹೇಳಿಕೆ ಕಾಗತ, ಜಾತಕ ಇದ್ದರೆ ಹೊತ್ತುಸೆಡಿ, ಊರ ಹೆಸರು ಅದರಲ್ಲಿಕ್ಕು.

ನಮ್ಮ ಕಲ್ಲುಗುಂಡಿ ಹೊಡೆಂಗೆ ಕುಂಬ್ಳೆ ಸೀಮೆಂದ ಬಂದ ಅಜ್ಜಿಯಕ್ಕಳೂ ಇದ್ದವು. 1956ರ ನವೆಂಬರ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋತು. ಹಾಂಗಾಗಿ ಅವರ ಅಪ್ಪನ ಮನೆಯ ಈಗಾಣ ಕಾಗತಂಗೊ ಮಲಯಾಳಲ್ಲಿ. ಅಲ್ಲಿಗೆ ಹೋಪ ಮದಲು ಮನೆಲಿಪ್ಪ ಪ್ರಾಯದ ಅಜ್ಜಿಯ ಹತ್ತರೆ ಕೂದು ಕೇಳಿ: "ಅಜ್ಜೀ, ನಿಂಗಳ ಅಬ್ಬೆಯ ಅಪ್ಪನ ಮನೆ ಯಾವುದು?" ಅದರ ಆ ಗೀಟಿನ ಮೇಲೆ ಪೆನ್ನಿಲಿ ಬರೆಯಿರಿ, ಪೆನ್ಸಿಲಿಲಿ ಬೇಡ.